ಸ್ಕಂದಗಿರಿಯ ಹಕ್ಕಿಗಳೂ ಕೈಗೊಪ್ಪುವ ದುರ್ಬೀನೂ

ರಜೆ ಬಂದಿತೆಂದರೆ ಮಕ್ಕಳು ಬೆಟ್ಟದ ಹೆಸರು ಹೇಳುವುದೂ ಹಿರಿಯರು ಬುತ್ತಿ ಕಟ್ಟುವುದೂ ಈಗ ನಮ್ಮ ಮನೆಗಳಲ್ಲಿ ರೂಢಿಯಾಗುತ್ತಿದೆ. ಹೀಗೆ ಹೆಸರು ಪಡೆದ ಬೆಟ್ಟಗಳಲ್ಲಿ ಚಿಕ್ಕಬಳ್ಳಾಪುರದ ಸ್ಕಂದಗಿರಿಯೂ ಒಂದು. ಕಳವಾರ ಬೆಟ್ಟ, ಕಳವಾರದುರ್ಗ ಎಂದೂ ಸುತ್ತಲಿನವರು ಕರೆಯುವ ಈ ಗಿರಿಯು ನಂದಿಬೆಟ್ಟದ ನೆರೆಯಲ್ಲಿದ್ದು ಸಮುದ್ರಮಟ್ಟದಿಂದ ಸುಮಾರು 1450 ಮೀಟರ್ ಎತ್ತರವಾಗಿದೆ. ಬುಡದಲ್ಲಿ ಪಾಪಾಗ್ನಿ ಮಠ, ನೆತ್ತಿಯಲ್ಲಿ ಪಾಳುಬಿದ್ದ ಕೋಟೆಯ ಗೋಡೆಗಳು. ಬಹುಮಂದಿ ಇಲ್ಲಿಗೆ ಬರುವುದು ಕಾಲಡಿಯ ಮೋಡಗಳನ್ನು ನೋಡಲೆಂದು. ಮೋಡ ನೋಡುವುದಕ್ಕೆ ಬರಿಗಣ್ಣು ಸಾಕು. ಆದರೆ ಬಂಡೆಗಳ ಸಂದಿನ ಕುರುಚಲು ಪೊದೆಗಳಲ್ಲಿ ವಾಸಿಸುವ ಜೀವಿಗಳನ್ನು ಕಾಣಬೇಕಾದರೆ ದುರ್ಬೀನು ಬೇಕು.

ಆ ಜೀವಿಗಳಲ್ಲಿ ಮುಖ್ಯವಾದುದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಈ ಹಕ್ಕಿ ಇಲ್ಲ. ನಂದಿಯ ಬೆಟ್ಟಸಾಲು ಇದರ ಹೆಸರಾಂತ ನೆಲೆ. ಕಲ್ಲು ಗಣಿಗಾರಿಕೆಯಿಂದಲೂ ಕಾಡ್ಗಿಚ್ಚಿನಿಂದಲೂ ನೆಲೆ ಕಿರಿದಾಗುತ್ತಿರುವುದರಿಂದ, ಅಳಿವಿನ ಅಪಾಯಕ್ಕೆ ಒಳಗಾಗಬಲ್ಲ ಹಕ್ಕಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೂ ಸೇರಿದೆ. ಸ್ವಭಾವತಃ ಸಂಕೋಚದ ಹಕ್ಕಿ. ಮನುಷ್ಯರು ಹತ್ತಿರ ಸುಳಿದರೆ ಪೊದೆಯೊಳಗೆ ಮರೆಯಾಗುತ್ತದೆ. ಅದನ್ನು ಬೆದರಿಸದೆ ನೋಡಲು ಎಂತಹ ದುರ್ಬೀನು ತಕ್ಕುದು ಎಂಬುದೇ ಈ ಲೇಖನದ ವಿಚಾರ.

ಬೇಟೆಯ ಮಾತು

ಬೈನಾಕ್ಯುಲರ್ ಎಂದು ಅಂಗಡಿಗಳಲ್ಲಿ ಕರೆಯುವ ಈ ಉಪಕರಣದ ಪೆಟ್ಟಿಗೆಯ ಮೇಲೆ ‘ಪಕ್ಷಿವೀಕ್ಷಣೆಗೆ ಮತ್ತು ಬೇಟೆಗೆ’ ಎಂಬ ಅರ್ಥದ ಮಾತುಗಳು ಎಷ್ಟೋ ವೇಳೆ ಅಚ್ಚಾಗಿರುತ್ತವೆ. ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿರುವ ದೇಶಗಳ ಗಿರಾಕಿಗಳಿಗಾಗಿ ಬರೆದ ಮಾತದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಕೆಲವು ಪ್ರಾಣಿಪಕ್ಷಿಗಳ ಬೇಟೆಗೆ ಪರವಾನಗಿಯ ಅವಕಾಶ ಉಳಿದಿತ್ತು. 1991ರ ತಿದ್ದುಪಡಿಯು ಆ ಬಾಗಿಲನ್ನೂ ಮುಚ್ಚಿತು. ಸ್ಕಂದಗಿರಿಯ ತಪ್ಪಲಿನ ಗೌಜಲಹಕ್ಕಿಯನ್ನಾಗಲಿ ನವಿಲನ್ನಾಗಲಿ ವಿನೋದಕ್ಕಾಗಿ ಬೇಟೆಯಾಡುವುದು ಇಂದು ಶಿಕ್ಷಾರ್ಹ ಅಪರಾಧ.

ಇದೇ ಕಾಯ್ದೆಯ ಇನ್ನೊಂದು ಮಾತು ಹಕ್ಕಿ ನೋಡುವವರೂ ಅರಿತಿರಬೇಕಾದುದು. ಕೋವಿಯಿಂದ ಹೊಡೆಯುವುದು ಮಾತ್ರವೇ ಬೇಟೆಯಲ್ಲ. ಬಲೆ ಬೀಸುವುದು, ಉರುಲು ಒಡ್ಡುವುದು, ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಅದರ ಗೂಡನ್ನು ಕದಡುವುದು ಇವೆಲ್ಲವೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಮರಿಗಳನ್ನು ಹತ್ತಿರದಿಂದ ನೋಡುವ ಆಸೆಗೆ ಗೂಡಿನ ಕೊಂಬೆಯನ್ನು ಬಗ್ಗಿಸುವ ಸಜ್ಜನರೂ ತಮಗರಿಯದೆಯೇ ಬೇಟೆಗಾರರ ಸಾಲಿಗೆ ಸೇರುತ್ತಾರೆ! ದುರ್ಬೀನು ಬೇಕಾಗಿರುವುದು ಇಲ್ಲಿಯೇ. ಅದು ಹಕ್ಕಿಯನ್ನು ನಮ್ಮ ಹತ್ತಿರಕ್ಕೆ ತರುತ್ತದೆ, ನಮ್ಮನ್ನು ಹಕ್ಕಿಯಿಂದ ದೂರದಲ್ಲಿಯೇ ಇರಿಸುತ್ತದೆ. ಜೀವದಯೆಯ ಮಾತನ್ನು ಮಕ್ಕಳಿಗೆ ಹೇಳಿಕೊಡುವ ನಮ್ಮ ಮನೆಗಳಲ್ಲಿ ಈ ಅಂತರದ ಮರ್ಯಾದೆಯನ್ನೂ ಹೇಳಿಕೊಡಬೇಕು.

ದೇಶದ ಪ್ರಸಿದ್ಧ ಪಕ್ಷಿತಜ್ಞ ಸಲೀಂ ಅಲಿಯವರ ಬಾಳಿನ ತಿರುವು ಇಲ್ಲಿ ನೆನಪಿಗೆ ಬರುತ್ತದೆ. ಬಾಲ್ಯದಲ್ಲಿ ಅವರು ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ತಿಳಿಯಲು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದ ಆ ಹುಡುಗನೇ ಮುಂದೆ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನೂ ನಡೆಸಿದರು. ಅವರ ಕಾಲದ ಹುಡುಗರಿಗೆ ಬಂದೂಕು ಸಿಕ್ಕಿತ್ತು; ನಮ್ಮ ಮಕ್ಕಳ ಕೈಗೆ ನಾವು ದುರ್ಬೀನನ್ನು ಕೊಡಬಲ್ಲೆವು.

ಎರಡು ಅಂಕಿಗಳ ಅರ್ಥ

ಪ್ರತಿಯೊಂದು ದುರ್ಬೀನಿನ ಮೇಲೂ 8×25, 8×32, 10×25 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವರ್ಧನೆ. 8 ಎಂದಿದ್ದರೆ 80 ಮೀಟರ್ ದೂರದ ಹಕ್ಕಿಯು 10 ಮೀಟರ್ ದೂರದಲ್ಲಿರುವಂತೆ ಕಾಣುವುದು. ಎರಡನೆಯದು ಮುಂಭಾಗದ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಮಸೂರ ಅಗಲವಾದಷ್ಟೂ ಒಳಬರುವ ಬೆಳಕು ಹೆಚ್ಚು. ಆದರೆ ಭಾರವೂ ಹೆಚ್ಚು.

ವರ್ಧನೆ ಹೆಚ್ಚಿದಷ್ಟೂ ಉತ್ತಮವೆಂದು ತಿಳಿಯುವವರೇ ಬಹಳ. ಆದರೆ ವರ್ಧನೆಯು ಹಕ್ಕಿಯನ್ನು ಮಾತ್ರವಲ್ಲ, ನಮ್ಮ ಕೈಯ ನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. ಕಡಿದಾದ ಬಂಡೆಯನ್ನೇರಿ ಏದುಸಿರು ಬಿಡುತ್ತಿರುವಾಗ 10 ಪಟ್ಟಿನ ದುರ್ಬೀನಿನಲ್ಲಿ ಪೊದೆಯ ಹಕ್ಕಿ ನಿಂತಲ್ಲಿ ನಿಲ್ಲದಂತೆ ತೋರುವುದು. ಅಲ್ಲದೆ ವರ್ಧನೆ ಏರಿದಂತೆ ಕಾಣುವ ಕ್ಷೇತ್ರ ಸಾಮಾನ್ಯವಾಗಿ ಕಿರಿದಾಗುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಪಿಕಳಾರವನ್ನು ಹುಡುಕುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ. ಆದ್ದರಿಂದ ಬೆಟ್ಟಕ್ಕೆ 8 ಪಟ್ಟು ಸಾಕು. ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ದಡದಲ್ಲಿ ನಿಂತು ದೂರದ ನೀರುಹಕ್ಕಿಗಳನ್ನು ನೋಡುವವರಿಗೆ 10 ಪಟ್ಟು ಉಪಯುಕ್ತವಾದೀತು.

ಇನ್ನೊಂದು ಸರಳ ಲೆಕ್ಕವಿದೆ. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ಬಿಂಬದ ಅಗಲ ದೊರೆಯುತ್ತದೆ. 10×25ರಲ್ಲಿ ಅದು 2.5 ಮಿಲಿಮೀಟರ್, 8×25ರಲ್ಲಿ ಸುಮಾರು 3, 8×32ರಲ್ಲಿ 4, 8×42ರಲ್ಲಿ 5ಕ್ಕಿಂತ ತುಸು ಹೆಚ್ಚು. ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆಯು 2ರಿಂದ 3 ಮಿಲಿಮೀಟರಿನಷ್ಟು ತೆರೆದಿರುವುದರಿಂದ ಸಣ್ಣ ದುರ್ಬೀನಿನಿಂದ ಯಾವ ಕೊರತೆಯೂ ತೋರದು. ನಸುಕಿನಲ್ಲಿ ಪಾಪೆ ಹಿಗ್ಗುತ್ತದೆ. ಆಗ 10×25ರಲ್ಲಿ ದೃಶ್ಯ ಮಂಕಾಗುತ್ತದೆ. ಹಕ್ಕಿಗಳು ಚುರುಕಾಗಿರುವುದು ಬೆಳಗಿನ ಮೊದಲ ಹೊತ್ತಿನಲ್ಲಿಯೇ ಎಂಬುದನ್ನು ಮರೆಯಬಾರದು.

ಯಾರಿಗೆ ಯಾವುದು?

8×42 ದುರ್ಬೀನುಗಳು ಬಹುಮಟ್ಟಿಗೆ 700 ಗ್ರಾಂ ಆಸುಪಾಸು ತೂಗುತ್ತವೆ. 8×32 ಸುಮಾರು 500 ಗ್ರಾಂ. ಜೇಬಿನಲ್ಲಿ ಹಿಡಿಸುವ 8×25 ಸುಮಾರು 300 ಗ್ರಾಂ. ಇಡೀ ಮನೆಗೆ ಒಂದೇ ದುರ್ಬೀನು ಕೊಳ್ಳುವುದಾದರೆ 8×32 ಒಳ್ಳೆಯ ಮಧ್ಯಮಾರ್ಗವೆಂದು ನಮ್ಮ ಅಭಿಪ್ರಾಯ. ಭಾರದ ಕಾರಣದಿಂದ ಅದು ಮನೆಯ ಬೀರುವಿನಲ್ಲಿಯೇ ಉಳಿಯುವುದಾದರೆ 8×25 ಲೇಸು. ಬೆಟ್ಟದ ಮೇಲಕ್ಕೆ ಬಾರದ ದುರ್ಬೀನು ಎಷ್ಟು ಉತ್ತಮವಾಗಿದ್ದರೇನು?

ಕನ್ನಡಕ ಧರಿಸುವ ಹಿರಿಯರು, ಕಣ್ಣನ್ನು ಮಸೂರದಿಂದ ಕನಿಷ್ಠ 15 ಮಿಲಿಮೀಟರ್ ದೂರವಿರಿಸಿಯೂ ಪೂರ್ಣ ದೃಶ್ಯ ಕಾಣುವುದೇ ಎಂದು ವಿವರಪತ್ರದಲ್ಲಿ ನೋಡಬೇಕು. ಕಣ್ಣಿನ ಕಡೆಯ ರಬ್ಬರ್ ಬಟ್ಟಲುಗಳನ್ನು ಕೆಳಗಿಳಿಸುವ ಅನುಕೂಲವೂ ಇರಬೇಕು. ಮಕ್ಕಳ ಎರಡು ಕಣ್ಣುಗಳ ನಡುವಣ ಅಂತರ ಕಿರಿದು. ಕೊಳವೆಗಳು ಅಷ್ಟು ಹತ್ತಿರಕ್ಕೆ ಮಡಚದಿದ್ದರೆ ಮಗುವಿಗೆ ಒಂದರ ಬದಲು ಎರಡು ವೃತ್ತಗಳು ಕಾಣುತ್ತವೆ, ಆಸಕ್ತಿಯೂ ಅಲ್ಲಿಗೇ ಮುಗಿಯುತ್ತದೆ. ಕೊಳ್ಳುವ ದಿನ ಮಗುವನ್ನೂ ಅಂಗಡಿಗೆ ಕರೆದೊಯ್ಯುವುದು ಮೇಲು.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯ ಹೊರಗೆ ನಿಂತು ದೂರದ ನಾಮಫಲಕವನ್ನು ನೋಡಿರಿ. ಅಕ್ಷರಗಳ ಅಂಚಿನಲ್ಲಿ ನೇರಳೆ ಅಥವಾ ಹಸಿರು ಬಣ್ಣದ ಗೆರೆ ದಪ್ಪವಾಗಿ ಕಂಡರೆ ಮಸೂರ ಉತ್ತಮವಲ್ಲ. ಎರಡು ಕಣ್ಣುಗಳ ದೃಶ್ಯಗಳು ಒಂದಾಗಿ ಕೂಡದೆ ಕಣ್ಣು ಸೆಳೆಯತೊಡಗಿದರೆ ಕೊಳವೆಗಳ ಜೋಡಣೆ ಓರೆಯಾಗಿದೆ. ಅದನ್ನು ಕೂಡಲೇ ಹಿಂದಿರುಗಿಸಿ. ಮಸೂರಗಳಿಗೆಲ್ಲ ಬಹುಪದರದ ಲೇಪನವಿದೆಯೇ, ಒಳಗೆ ನೈಟ್ರೋಜನ್ ಅನಿಲ ತುಂಬಿ ನೀರು ಹೋಗದಂತೆ ಮುಚ್ಚಿದ್ದಾರೆಯೇ ಎಂದು ವಿಚಾರಿಸಿರಿ. ಮೋಡ ಮುಸುಕುವ ಬೆಟ್ಟದಲ್ಲಿ, ಒಳಗಿನ ಗಾಜಿಗೆ ಮಂಜು ಕಟ್ಟದಿರಲು ಇದು ಅಗತ್ಯ. ಕನ್ನಡಿಯಂತೆ ಕೆಂಪಾಗಿ ಹೊಳೆಯುವ ಮಸೂರಗಳಿಗೂ, ವರ್ಧನೆಯನ್ನು ತಿರುಗಿಸಿ ಏರಿಳಿಸುವ ಅಗ್ಗದ ಜೂಮ್ ದುರ್ಬೀನುಗಳಿಗೂ ಮನಸೋಲದಿರುವುದು ಕ್ಷೇಮ.

ಬಳಕೆ ಮತ್ತು ಜೋಪಾನ

ಮೊದಲು ಬಲಗಣ್ಣನ್ನು ಮುಚ್ಚಿ, ನಡುವಣ ಚಕ್ರವನ್ನು ತಿರುಗಿಸಿ ಎಡಗಣ್ಣಿನ ದೃಶ್ಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಬಳಿಕ ಎಡಗಣ್ಣನ್ನು ಮುಚ್ಚಿ, ಸಾಮಾನ್ಯವಾಗಿ ಬಲಗಣ್ಣಿನ ಬಳಿ ಇರುವ ಉಂಗುರದಿಂದ ಆ ಕಣ್ಣಿಗೆ ಹೊಂದಿಸಬೇಕು. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಗುರುತಿಸಿ, ದೃಷ್ಟಿಯನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರುವುದೇ ಅಭ್ಯಾಸದ ಗುಟ್ಟು.

ಸ್ಕಂದಗಿರಿಗೆ ಹೋಗುವವರಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕಾಗಿದೆ. ಇಲ್ಲಿನ ಸೂರ್ಯೋದಯ ಹೆಸರಾದುದು. ಉದಯಿಸುವ ಸೂರ್ಯ ಎಷ್ಟೇ ಸೌಮ್ಯವಾಗಿ ಕಂಡರೂ ಅವನತ್ತ ದುರ್ಬೀನನ್ನು ತಿರುಗಿಸಕೂಡದು. ಮಸೂರವು ಬಿಸಿಲನ್ನು ಒಂದೆಡೆ ಸೇರಿಸಿ ಕಣ್ಣಿನ ಒಳಪದರವನ್ನು ಕ್ಷಣಮಾತ್ರದಲ್ಲಿ ಸುಡಬಲ್ಲದು. ಆ ಸುಟ್ಟಗಾಯಕ್ಕೆ ನೋವೂ ಇರುವುದಿಲ್ಲ, ಕಳೆದ ದೃಷ್ಟಿ ಮರಳದೆಯೂ ಹೋಗಬಹುದು. ಮಕ್ಕಳ ಕೈಗೆ ಕೊಡುವ ಮುನ್ನ ಈ ಮಾತನ್ನು ಎರಡು ಬಾರಿ ಹೇಳಿರಿ.

ಮಸೂರದ ಮೇಲಿನ ಧೂಳನ್ನು ಮೆತ್ತನೆಯ ಕುಂಚದಿಂದ ಹಾರಿಸಿದ ಮೇಲೆಯೇ ಬಟ್ಟೆಯಿಂದ ಒರೆಸಬೇಕು. ಸೀರೆಯ ಸೆರಗಿನಿಂದಲೋ ಅಂಗಿಯ ತುದಿಯಿಂದಲೋ ಉಜ್ಜಿದರೆ ಗೀರು ಬೀಳುತ್ತದೆ. ಮಳೆಗಾಲದಲ್ಲಿ ತೇವದಿಂದ ಗಾಜಿಗೆ ಬೂಷ್ಟು ಹಿಡಿಯದಂತೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಸ್ಕಂದಗಿರಿಯನ್ನು ಏರುವವರು ಅರಣ್ಯ ಇಲಾಖೆಯ ನಿಯಮದಂತೆ ಮುಂಚಿತವಾಗಿ ಅನುಮತಿ ಪಡೆದು ಹೊರಡುವುದು ಒಳಿತು. ಮೇಲೆ ಬೆಂಕಿ ಹಚ್ಚಬಾರದು. ಒಣಹುಲ್ಲಿಗೆ ತಗುಲಿದ ಒಂದು ಕಿಡಿಯು ಪಿಕಳಾರದ ಮನೆಯನ್ನೇ ಸುಟ್ಟೀತು. ಬಂಡೆಗೆ ಬೆನ್ನು ಕೊಟ್ಟು, ಮೊಣಕೈಗಳನ್ನು ಮೊಣಕಾಲ ಮೇಲಿರಿಸಿ, ಮಾತಿಲ್ಲದೆ ಹತ್ತು ನಿಮಿಷ ಕುಳಿತುಕೊಳ್ಳಿ. ಹಳದಿ ಕೊರಳಿನ ಆ ಹಕ್ಕಿ ತಾನಾಗಿಯೇ ಪೊದೆಯ ತುದಿಗೆ ಬಂದೀತು. ಅದು ಹಾರಿಹೋಗುವ ಮೊದಲು ದುರ್ಬೀನನ್ನು ಪಕ್ಕದಲ್ಲಿ ಕುಳಿತ ಮಗುವಿನ ಕೈಗೆ ದಾಟಿಸಿರಿ.