ಟೆರೇಸಿಗೆ ಬೀಗ, ರೂಮಿನಲ್ಲಿ ಒದ್ದೆ ಬಟ್ಟೆ!

ಜಡಿಮಳೆಯ ದಿನ ಬೆಳಿಗ್ಗೆ ವಿಜಯನಗರದಲ್ಲಿ ಬಸ್ಸು ಹತ್ತಿದವರಿಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ಸರಳು ಹಿಡಿದು ನಿಂತವರ ಅಂಗಿಯಿಂದ ಅದೇ ಮುಗ್ಗಲು ವಾಸನೆ! ಎಲ್ಲರೂ ತಮ್ಮದಲ್ಲವೆಂಬಂತೆ ಕಿಟಕಿ ಕಡೆ ಮುಖ ಮಾಡುತ್ತಾರೆ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ 20x30, 30x40 ಸೈಟುಗಳಲ್ಲಿ ಮನೆಯ ಮೇಲೆ ಮನೆ ಎದ್ದು ಹಿತ್ತಲು ಮಾಯವಾಗಿ ಬಹಳ ಕಾಲವಾಯಿತು. ಉಳಿದದ್ದು ಟೆರೇಸು. ಅದಕ್ಕೂ ಎಷ್ಟೋ ಕಡೆ ಓನರ್ ಬೀಗ. ಕೀ ಕೇಳಿದರೆ, ‘ಟ್ಯಾಂಕ್ ಇದೆಯಮ್ಮಾ, ಮಕ್ಕಳು ಹತ್ತಿ ಬಿದ್ರೆ ಯಾರು ಜವಾಬ್ದಾರಿ?’ ಎಂಬ ಉತ್ತರ ಸಿದ್ಧ. ಮಳೆಯೋ, ಕಡಿಮೆಯದಲ್ಲ. 2017ರಲ್ಲಿ ನಗರಕ್ಕೆ 1,696 ಮಿ.ಮೀ. ಸುರಿದು ದಾಖಲೆಯಾಯಿತು, 2022ರ ಅಕ್ಟೋಬರಿನಲ್ಲೇ ಆ ದಾಖಲೆಯೂ ಮುರಿಯಿತು. ಡ್ರೈಯರ್ ಮೆಷೀನು ಎಲ್ಲರ ಕೈಗೆ ಎಟುಕುವುದಲ್ಲ. ಹೀಗಾಗಿ ಕಿಟಕಿ ಸರಳಿನಿಂದ ಬಾಗಿಲ ಮೊಳೆಗೆ ಹಗ್ಗ, ಅದರ ಕೆಳಗೆ ತಲೆ ತಗ್ಗಿಸಿ ಓಡಾಟ.

ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ? ಅಂಗಡಿ ಇಟ್ಟವರು ತಕ್ಕಡಿಯಲ್ಲೇ ಪರೀಕ್ಷಿಸಬಹುದು. ಹಿಂಡಿದ ಬಟ್ಟೆಯನ್ನು ಒಮ್ಮೆ ತೂಗಿ, ಒಣಗಿದ ಮೇಲೆ ಇನ್ನೊಮ್ಮೆ ತೂಗಿ. ಆರು ಕಿಲೋ ಇದ್ದದ್ದು ನಾಲ್ಕು ಕಿಲೋಗೆ ಇಳಿದಿದ್ದರೆ ಎರಡು ಲೀಟರು ನೀರು ರೂಮಿನ ಗಾಳಿಗೆ ಸೇರಿತೆಂದೇ ಲೆಕ್ಕ. ಚಳಿ ಅಂತ ಕಿಟಕಿ ಮುಚ್ಚಿದಿರೋ, ಅದು ತಣ್ಣಗಿನ ಗೋಡೆಗೆ, ಬೀರುವಿನ ಹಿಂದಕ್ಕೆ, ಹಾಸಿಗೆಗೆ ಇಳಿಯುತ್ತದೆ. ಆಮೇಲೆ ಮೂಲೆಯಲ್ಲಿ ಕಪ್ಪು ಬೂಷ್ಟು.

ಬೂಷ್ಟು ಉಬ್ಬಸದ ಮಕ್ಕಳಿಗೆ ಆಗದು. ಇಲ್ಲಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಅಧ್ಯಯನದಲ್ಲಿ ನಗರದ ಮಕ್ಕಳಲ್ಲಿ ಉಬ್ಬಸ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5 ಆಗಿತ್ತು. ಅದಕ್ಕೆ ಬಟ್ಟೆ ಕಾರಣವೆಂದಲ್ಲ. ಆದರೆ ಮೊದಲೇ ಏದುವ ಮಗುವಿನ ತಲೆ ಮೇಲೆ ಒದ್ದೆ ಚಾದರ ತೂಗಬೇಕೆ?

ಇನ್ನು ಮನೆ ಖಾಲಿ ಮಾಡುವ ದಿನ. ‘ಗೋಡೆ ನೋಡಿ ಹೇಗಾಗಿದೆ’ ಎನ್ನುತ್ತಾ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಮುರಿದುಕೊಳ್ಳುವುದು ಈ ಊರಿನ ಪದ್ಧತಿ. ಬೀಗ ಜಡಿದವರೂ ಅವರೇ, ಬಣ್ಣದ ದುಡ್ಡು ಹಿಡಿಯುವವರೂ ಅವರೇ!

ಬಟ್ಟೆ ಒಣಗಲು ಬಿಸಿಲೇ ಬೇಕೆಂಬುದು ಅರ್ಧ ಸತ್ಯ. ಓಡಾಡುವ ಗಾಳಿ ಸಾಕು. ಹಳೆ ಮನೆಗಳಲ್ಲಿ ಅಜ್ಜಿಯರು ಜಂತೆಗೆ ಇಳಿಬಿಟ್ಟ ಬಿದಿರು ಗಳುವಿನ ಮೇಲೆ ಮಡಿಕೋಲಿನಿಂದ ಸೀರೆ ಹರಡುತ್ತಿದ್ದರು. ಮುಟ್ಟಬಾರದೆಂಬ ಮಡಿ ಒಂದು ಕಡೆ. ಬೆಚ್ಚನೆ ಗಾಳಿ ಸೂರಿನತ್ತ ಏರುವುದರಿಂದ ಬಟ್ಟೆಯೂ ಬೇಗ ಆರುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ, ಹಗ್ಗ ಎಳೆದು ಮೇಲೇರಿಸುವ ಸ್ಟ್ಯಾಂಡು ಅದೇ ಗಳುವಿನ ಮೊಮ್ಮಗ.

ಮೆಷೀನಿದ್ದರೆ ಇನ್ನೊಂದು ಸಲ ಸ್ಪಿನ್ ಮಾಡಿ. ಬಟ್ಟೆ ಒಂದಕ್ಕೊಂದು ಅಂಟದಿರಲಿ. ಅಂಗಿಗಳು ಹ್ಯಾಂಗರಿಗೆ ಹೋಗಲಿ, ಪ್ಯಾಂಟು ಒಳಮೈ ಹೊರಗಾಗಲಿ. ಎದುರುಬದುರು ಎರಡು ಕಿಟಕಿ ಒಂದಿಷ್ಟು ತೆರೆದು ಫ್ಯಾನ್ ಹಾಕಿ. ಕರೆಂಟಿನ ಚಿಂತೆಯೆ? 75 ವ್ಯಾಟಿನ ಫ್ಯಾನು ಒಂದು ಯೂನಿಟ್ ಸುಡಲು ಹದಿಮೂರು ಗಂಟೆ ತಿರುಗಬೇಕು. ನಾಳೆ ಬೆಳಿಗ್ಗೆಗೇ ಯೂನಿಫಾರಂ ಬೇಕೆಂದರೆ ಒಣ ಟವೆಲ್ಲಿನಲ್ಲಿ ಸುತ್ತಿ ಚೆನ್ನಾಗಿ ಹಿಂಡಿ, ಫ್ಯಾನಿನಡಿ ಬಿಟ್ಟು, ಕೊನೆಗೆ ಇಸ್ತ್ರಿ.

ತಡವಾದಷ್ಟೂ ವಾಸನೆ ಗ್ಯಾರಂಟಿ. ಜಪಾನಿನ ವಿಜ್ಞಾನಿಗಳು 2012ರಲ್ಲಿ ಈ ಮುಗ್ಗಲಿನ ಹಿಂದಿರುವ ಬ್ಯಾಕ್ಟೀರಿಯಾ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಎಂದು ಪತ್ತೆ ಮಾಡಿದರು. ಸಾಮಾನ್ಯ ಒಗೆತಕ್ಕೆ ಅದು ಪೂರ್ತಿ ಸಾಯದು. ತೇವ ಉಳಿದರೆ ಮತ್ತೆ ಹೆಚ್ಚುತ್ತದೆ. ಸೆಂಟು ಹೊಡೆದರೆ ಎರಡು ಸ್ಟಾಪು ತಡೆದೀತು, ಅಷ್ಟೇ.

ಓನರುಗಳಿಗೆ ಒಂದು ಮಾತು. ಟ್ಯಾಂಕಿಗೆ ಬೇಕಾದರೆ ಬೇರೆ ಬೀಗ ಹಾಕಿ. ಟೆರೇಸಿನ ಒಂದು ಮೂಲೆಗೆ ನಾಲ್ಕು ಕಂಬ, ಮೇಲೆರಡು ಶೀಟು, ಮನೆಗೊಂದು ತಂತಿ ಕಟ್ಟಿಸಿದರೆ ಪೇಂಟಿಂಗ್ ಖರ್ಚೂ ತಗ್ಗುತ್ತೆ. ಬಾಡಿಗೆದಾರರೂ ಅಷ್ಟೆ, ಹೊಸ ಮನೆ ನೋಡುವಾಗ ಕಾವೇರಿ ನೀರು, ಬಸ್ ಸ್ಟಾಪು ಕೇಳಿದ ಮೇಲೆ ಟೆರೇಸಿನ ಕೀ ಯಾರ ಹತ್ತಿರ ಇರುತ್ತೆ ಅಂತಲೂ ಕೇಳಿ, ಅಡ್ವಾನ್ಸು ಎಣಿಸುವ ಮೊದಲೇ.