ಟೀವಿ ಹಾಕುವವರ ಗೋಡೆಜ್ಞಾನ

ತರೀಕೆರೆ ಪೇಟೆಯಲ್ಲಿ ಗೋಡೆಗೆ ಟೀವಿ ಹಾಕಿಕೊಡುವ ಹುಡುಗರ ಚೀಲದಲ್ಲಿ ಹೆಚ್ಚೇನೂ ಇರುವುದಿಲ್ಲ. ಡ್ರಿಲ್ಲಿಂಗ್ ಮಷಿನ್, ಎರಡು ಮೂರು ಅಳತೆಯ ಬಿಟ್ಟು, ಟೇಪು, ಟೆಸ್ಟರ್, ಗೇಣುದ್ದದ ರಸಮಟ್ಟ, ಒಂದು ಡಬ್ಬಿ ಸ್ಕ್ರೂ ಮತ್ತು ರಾಲ್‌ಪ್ಲಗ್ಗು. ಬೆಂಗಳೂರಿನ ಹುಡುಗನ ಚೀಲದಲ್ಲೂ ಇವೇ ಇರುತ್ತವೆ. ಆದರೆ ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ಗೋಡೆ ಒಂದೇ ಥರ; ಇಲ್ಲಿ ಒಂದೇ ದಿನ ಹೋಗುವ ಮೂರು ಮನೆಯಲ್ಲಿ ಮೂರು ಥರದ ಗೋಡೆ ಸಿಕ್ಕಬಹುದು.

ಸೀಮೆಯೇ ಅಂಥದ್ದು. ಬೆಟ್ಟದ ದಿಕ್ಕಿಗೆ ಲಿಂಗದಹಳ್ಳಿ, ತಣಿಗೆಬೈಲು ಕಡೆ ಹೋದರೆ ಮಳೆ ಜಾಸ್ತಿ, ಮಣ್ಣು ಕೆಂಪು. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಕೊಟ್ಟ ಕೆಮ್ಮಣ್ಣುಗುಂಡಿ ಇರುವುದು ಆ ಬೆಟ್ಟಸಾಲಿನಲ್ಲೇ. ಅಲ್ಲಿನ ಹಳೆಯ ತೋಟದ ಮನೆಗಳಲ್ಲಿ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಅದರ ಮೇಲೆ ಗಾರೆ, ವರ್ಷವರ್ಷವೂ ಬಳಿದ ಸುಣ್ಣದ ಪದರಗಳು. ಅತ್ತ ಅಜ್ಜಂಪುರ, ಶಿವನಿ ಕಡೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಮನೆಯೂ ಕೊಂಚ ಮಿಸುಕುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಪೇಟೆಯ ಹೊಸ ಬಡಾವಣೆಗಳಲ್ಲಿ ಸಿಮೆಂಟ್ ಬ್ಲಾಕು, ರೂಮಿಗೂ ಹಾಲಿಗೂ ನಡುವೆ ನಾಲ್ಕಿಂಚಿನ ಇಟ್ಟಿಗೆ ಗೋಡೆ.

ಹಾಗಾಗಿ ಪಳಗಿದ ಕೆಲಸಗಾರ ಟೀವಿಯ ಡಬ್ಬಿ ಬಿಚ್ಚುವ ಮೊದಲು ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಟಕ್ ಅಂದರೆ ಗಾರೆ ಗೋಡೆಯನ್ನು ಕಚ್ಚಿಕೊಂಡಿದೆ. ಡಬ್ ಅಂದರೆ ಬಿಟ್ಟುಕೊಂಡಿದೆ, ಅಲ್ಲಿ ತೂತು ಹೊಡೆದರೆ ತಟ್ಟೆಯಗಲ ಉದುರುತ್ತದೆ. ಆಮೇಲೆ ಸ್ವಿಚ್‌ಬೋರ್ಡ್ ಕಡೆ ನೋಡುತ್ತಾನೆ. ಒಳಗಿನ ಪೈಪು ಸಾಮಾನ್ಯವಾಗಿ ಆರ್‌ಸಿಸಿಯಿಂದ ಬೋರ್ಡಿಗೆ ನೆಟ್ಟಗೆ ಇಳಿದಿರುತ್ತದೆ. ಬೋರ್ಡಿನ ಮೇಲೂ ಕೆಳಗೂ ಗೋಡೆಯುದ್ದಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದುಕೊಂಡು, ಆ ಗೆರೆಗೆ ಬಿಟ್ಟು ತಾಗಿಸುವುದಿಲ್ಲ. ಮಳೆ ಹೊಡೆಯುವ ದಿಕ್ಕಿನ ಗೋಡೆಯಾದರೆ ಅಂಗೈ ಇಟ್ಟು ಥಂಡಿ ನೋಡುತ್ತಾನೆ. ತೇವ ಕುಡಿಯುವ ಗೋಡೆಗೆ ಟೀವಿ ಬೇಡ ಅನ್ನುವುದನ್ನು ಮನೆಯವರಿಗೆ ಒಪ್ಪಿಸುವುದೂ ಈ ಕಸುಬಿನ ಭಾಗವೇ.

ನೋಡಬೇಕಾದ್ದು ತೂತು ಹೊಡೆಯುವ ಹೊತ್ತನ್ನು. ಹಳೇ ಪೇಪರನ್ನು ಪೊಟ್ಟಣದಂತೆ ಮಡಿಸಿ ಗುರುತಿನ ಕೆಳಗೆ ಅಂಟಿಸುತ್ತಾನೆ. ಪುಡಿ ನೆಲಕ್ಕೆ ಬೀಳಬಾರದು ಅನ್ನುವುದು ಒಂದು ಕಾರಣ; ಆ ಪುಡಿಯನ್ನು ಅವನು ನೋಡಬೇಕು ಅನ್ನುವುದು ಇನ್ನೊಂದು. ಮೊದಲು ಬಿಳಿಚಿದ ಬೂದಿ ಬಣ್ಣ, ಅದು ಗಾರೆ. ಅರ್ಧ, ಮುಕ್ಕಾಲು ಇಂಚು ಒಳಹೋದ ಮೇಲೆ ಕೆಂಪು ಬಂದರೆ ಇಟ್ಟಿಗೆ ಸಿಕ್ಕಿತು. ಕೆಂಪಿನ ನಡುವೆ ಮತ್ತೆ ಬೂದಿ ಬಂದು ಮಷಿನ್ ಸಲೀಸಾಗಿ ಜಾರಿದರೆ ಬಿಟ್ಟು ಎರಡು ಇಟ್ಟಿಗೆಯ ಸಂದಿಗೆ ಬಿದ್ದಿದೆ. ಅಲ್ಲಿ ಹಿಡಿತ ಸಾಲದು, ಒಂದಿಂಚು ಆಚೆ ಸರಿಯುತ್ತಾನೆ. ಪ್ಲಗ್ಗಿನ ಹಿಡಿತವೆಲ್ಲ ಇಟ್ಟಿಗೆಯಲ್ಲಿರಬೇಕು, ಗಾರೆಯಲ್ಲಲ್ಲ. ಅದಕ್ಕೇ ತೂತು ಪ್ಲಗ್ಗಿಗಿಂತ ಒಂದಿಷ್ಟು ಆಳ, ಮತ್ತು ಒಳಗಿನ ಪುಡಿಯನ್ನು ಊದಿ ತೆಗೆದ ಮೇಲೇ ಪ್ಲಗ್ಗು. ನಾಲ್ಕಿಂಚಿನ ಗೋಡೆಯಾದರೆ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿಕೊಳ್ಳುತ್ತಾನೆ, ಇಲ್ಲದಿದ್ದರೆ ಆಚೆ ಮಲಗುವ ಕೋಣೆಯ ಬಣ್ಣಕ್ಕೆ ಹೋಯಿತು. ಮಣ್ಣಿನ ಗೋಡೆಯಲ್ಲಿ ಸುತ್ತಿಗೆ ಹೊಡೆತವನ್ನು ಬಂದ್ ಮಾಡಿ ಬರೀ ತಿರುಗಿಸಿ ಕೊರೆಯುತ್ತಾನೆ. ಅಲ್ಲಿ ಪ್ಲಗ್ಗನ್ನು ನಂಬುವುದಿಲ್ಲ: ಒಂದು ಪ್ಲೈವುಡ್ ಹಲಗೆಯನ್ನು ಎಂಟು ಹತ್ತು ಕಡೆ ಉದ್ದ ಸ್ಕ್ರೂಗಳಿಂದ ಗೋಡೆಗೆ ಬಿಗಿದು, ಬ್ರಾಕೆಟ್ಟನ್ನು ಆ ಹಲಗೆಗೆ ಕೂರಿಸುತ್ತಾನೆ. ಭಾರ ಹಂಚಿಹೋಗುತ್ತದೆ.

ಭಾರ ಅಂದರೆ ಎಷ್ಟು? 43 ಇಂಚಿನ ಟೀವಿ ಸುಮಾರು ಏಳೆಂಟು ಕೆಜಿ, 55 ಇಂಚಿನದು ಹದಿನೈದರ ಆಸುಪಾಸು. ಹಳೇ ಡಬ್ಬಾ ಟೀವಿಯ ಮುಂದೆ ಇದು ಹಗುರ. ಗೋಡೆಗೆ ಅಂಟಿದಂತೆ ಕೂರುವ ಬ್ರಾಕೆಟ್ಟಿನಲ್ಲಿ ಈ ಭಾರ ಕೆಳಮುಖವಾಗಿ ಎಳೆಯುತ್ತದೆ, ಅದನ್ನು ಸ್ಕ್ರೂ ಸುಲಭವಾಗಿ ತಡೆಯುತ್ತದೆ. ಕಷ್ಟ ಬರುವುದು ಕೈಚಾಚಿ ಹೊರಗೆ ಬರುವ ಬ್ರಾಕೆಟ್ಟಿನಲ್ಲಿ. ಹದಿನೈದು ಕೆಜಿ ಟೀವಿ ಗೋಡೆಯಿಂದ 40 ಸೆಂಟಿಮೀಟರ್ ಆಚೆ ಬಂದು ನಿಂತಿತು, ಬ್ರಾಕೆಟ್ಟಿನ ಮೇಲಿನ ಕೆಳಗಿನ ಸ್ಕ್ರೂಗಳ ನಡುವೆ 20 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಆಗ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಬಲ ಮೂವತ್ತು ಕೆಜಿಯಷ್ಟಾಗುತ್ತದೆ. ಅದೇ ಟೀವಿ ಗೋಡೆಯಿಂದ ಐದು ಸೆಂಟಿಮೀಟರಿನಲ್ಲಿದ್ದರೆ ನಾಲ್ಕು ಕೆಜಿಯೂ ಆಗದು. ಈ ಲೆಕ್ಕವನ್ನು ಇವರು ಕಾಗದದ ಮೇಲೆ ಬರೆಯುವುದಿಲ್ಲ. ಆದರೆ ಚಾಚುವ ಬ್ರಾಕೆಟ್ ಕಂಡ ಕೂಡಲೇ ‘ಈ ಗೋಡೆಗೆ ಬೇಡ’ ಅನ್ನುತ್ತಾರೆ.

ಟೀವಿಯ ಬೆನ್ನಿನಲ್ಲಿ ನಾಲ್ಕು ತೂತಿರುತ್ತವೆ. ಅವುಗಳ ಅಂತರಕ್ಕೆ ವೆಸಾ ಎಂಬ ಲೋಕಮಾನ್ಯ ಅಳತೆ ಇದೆ: 100, 200, 400 ಮಿಲಿಮೀಟರ್ ಹೀಗೆ. ಅದರಿಂದಲೇ ಯಾವ ಕಂಪನಿಯ ಟೀವಿಗಾದರೂ ಅಂಗಡಿಯ ಬ್ರಾಕೆಟ್ ಹೊಂದುತ್ತದೆ. ಎಚ್ಚರ ಬೇಕಾದ್ದು ಸ್ಕ್ರೂವಿನ ಉದ್ದದಲ್ಲಿ. ಉದ್ದವಾದರೆ ಒಳಗೆ ಚುಚ್ಚಿ ಟೀವಿಯನ್ನೇ ಕೆಡಿಸೀತು.

ಎತ್ತರದ ವಿಷಯದಲ್ಲಿ ಪ್ರತಿ ಮನೆಯಲ್ಲೂ ಜಗ್ಗಾಟ. ‘ಇನ್ನೂ ಸ್ವಲ್ಪ ಮೇಲೆ ಹಾಕಪ್ಪಾ’ ಅನ್ನದ ಮನೆಯೊಡತಿ ಇಲ್ಲ. ನನ್ನ ಊಹೆ ಕೇಳಿದರೆ, ಇದು ದೂರದರ್ಶನದ ಕಾಲದ ಅಭ್ಯಾಸ. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. 1987–88ರ ಭಾನುವಾರಗಳಲ್ಲಿ ರಾಮಾಯಣ ಬರುವಾಗ ಟೀವಿ ಇದ್ದ ಮನೆಗೆ ಬೀದಿಯೇ ಬಂದು ಕೂರುತ್ತಿತ್ತು, ಹಿಂದಿನವರಿಗೂ ಕಾಣಲೆಂದು ಟೀವಿ ಎತ್ತರದಲ್ಲಿರಬೇಕಿತ್ತು. ಈಗ ನೋಡುವವರು ಮೂವರು. ಜಾಣ ಹುಡುಗ ವಾದ ಮಾಡುವುದಿಲ್ಲ. ‘ಅಮ್ಮಾ, ದಿನಾ ಎಲ್ಲಿ ಕೂತ್ಕಂಡು ನೋಡ್ತೀರಾ? ಒಂದ್ಸಲ ಅಲ್ಲಿ ಕೂತ್ಕಳಿ’ ಅನ್ನುತ್ತಾನೆ. ಕೂತವರ ಕಣ್ಣಿನ ಮಟ್ಟಕ್ಕೆ ಟೇಪು ಹಿಡಿಯುತ್ತಾನೆ. ಸೋಫಾದಲ್ಲಾದರೆ ನೆಲದಿಂದ ಸುಮಾರು 42 ಇಂಚು. ಚಾಪೆಯ ಮೇಲೆ ಕೂತು ಹೂ ಕಟ್ಟುತ್ತಾ ನೋಡುವವರಾದರೆ ಇನ್ನೊಂದು ಅಡಿ ಕೆಳಗೆ. ಇವೆರಡರ ನಡುವೆ ಎಲ್ಲೋ ಪರದೆಯ ನಡುಭಾಗ ಬರಬೇಕು. ಕುತ್ತಿಗೆ ನೋವಿನ ಮಾತನ್ನು ಆಗಷ್ಟೇ ತೆಗೆಯುತ್ತಾನೆ.

ಇನ್ನು ರಸಮಟ್ಟ. ಬ್ರಾಕೆಟ್ಟಿನ ತೂತುಗಳು ಉದ್ದುದ್ದ ಇರುವುದು ಸ್ಕ್ರೂ ಬಿಗಿಯುವ ಮೊದಲು ಅತ್ತಿತ್ತ ಸರಿಸಿ ಸಮ ಮಾಡಲಿಕ್ಕೆ. ಆದರೆ ಹಳೇ ಮನೆಗಳಲ್ಲಿ ತೊಲೆಯೇ ವಾಲಿರುತ್ತದೆ. ಅದರ ಕೆಳಗೆ ಗುಳ್ಳೆ ನಡುವೆ ನಿಂತಿದ್ದರೂ ಟೀವಿ ಸೊಟ್ಟಗೆ ಕಾಣುತ್ತದೆ. ಅಂಥ ಕಡೆ ತೊಲೆಯ ಕಡೆಗೆ ಕೂದಲೆಳೆಯಷ್ಟು ವಾಲಿಸಿ ಹಾಕುವವರಿದ್ದಾರೆ. ನಾನು ಅವರ ಪಕ್ಷ.

ವೈರು ಅಡಗಿಸುವುದರಲ್ಲಿ ಕಸುಬಿನ ನಿಜವಾದ ಬುದ್ಧಿ ಕಾಣುತ್ತದೆ. ಮನೆ ಕಟ್ಟುವಾಗಲೇ ಕೇಳಿದರೆ, ಟೀವಿಯ ಹಿಂದಿನಿಂದ ಕೆಳಗಿನ ಬೋರ್ಡಿನವರೆಗೆ ಎರಡು ಇಂಚಿನ ಪೈಪೊಂದನ್ನು ಗೋಡೆಯೊಳಗೆ ಇಡಿಸಿ ಅನ್ನುತ್ತಾರೆ. ಮುಕ್ಕಾಲು ಇಂಚಿನ ಮಾಮೂಲಿ ಪೈಪಿನಲ್ಲಿ ಎಚ್‌ಡಿಎಂಐ ವೈರಿನ ತಲೆಯೇ ತೂರುವುದಿಲ್ಲ. ಆ ಎರಡು ಇಂಚಿನ ಪೈಪಿನಲ್ಲಿ ಕರೆಂಟಿನ ವೈರಿಗೆ ಜಾಗವಿಲ್ಲ, ಅದಕ್ಕೆ ಬೇರೆ ಪೈಪು. ಒಳಗೊಂದು ನೈಲಾನ್ ದಾರ ಬಿಟ್ಟಿರುತ್ತಾರೆ. ನಾಳೆ ಹೊಸ ವೈರು ಬೇಕಾದರೆ ಅದಕ್ಕೆ ಕಟ್ಟಿ ಎಳೆದರಾಯಿತು, ಎಳೆಯುವಾಗ ಇನ್ನೊಂದು ದಾರವನ್ನೂ ಜೊತೆಗೆ ಕಟ್ಟಬೇಕು. ಕಟ್ಟಿ ಮುಗಿದ ಮನೆಯಲ್ಲಿ ಗೋಡೆ ಕಡಿಯುವುದು ಧೂಳಿನ ಕೆಲಸ. ಮಣ್ಣಿನ ಗೋಡೆಯನ್ನಂತೂ ಕಡಿಯಲೇಬಾರದು. ಅಲ್ಲಿ ಕೇಸಿಂಗ್ ಪಟ್ಟಿಯೇ ಸರಿ. ಕಿಟಕಿಯ ಚೌಕಟ್ಟಿನ ಅಂಚಿಗೋ ಗೋಡೆಯ ಮೂಲೆಗೋ ಪಟ್ಟಿಯನ್ನು ಒತ್ತಿ ಇಳಿಸಿ, ಗೋಡೆಯದೇ ಬಣ್ಣ ಬಳಿದರೆ ಬಂದವರ ಕಣ್ಣು ಅಲ್ಲಿಗೆ ಹೋಗುವುದಿಲ್ಲ. ಬೇಕೆಂದಾಗ ಮುಚ್ಚಳ ತೆಗೆದು ನೋಡಬಹುದು. ಟೀವಿಯ ಪ್ಲಗ್ಗು ವೈರನ್ನು ಹಾಗೇ ಗೋಡೆಯೊಳಗೆ ಹೂತು ಸಿಮೆಂಟ್ ಮೆತ್ತಿಬಿಡುವವರೂ ಇದ್ದಾರೆ. ನೋಡಲು ಅಂದ, ಆದರೆ ಒಳಗೆ ವೈರು ಬಿಸಿಯಾದರೂ ತುಂಡಾದರೂ ಯಾರಿಗೂ ತಿಳಿಯದು.

ಮಾಡಿನ ಮೇಲಿನ ಡಿಶ್‌ನಿಂದ ಬರುವ ವೈರಿಗೆ ಮಳೆಯ ಲೆಕ್ಕ ಬೇರೆ. ತೂತನ್ನು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿ ಕೊರೆಯುತ್ತಾರೆ. ಹೊರಗೆ ವೈರು ತೂತಿಗಿಂತ ಗೇಣು ಕೆಳಕ್ಕೆ ಇಳಿದು ಮತ್ತೆ ಮೇಲೇರಿ ಒಳಹೋಗಬೇಕು. ವೈರು ಹಿಡಿದು ಬರುವ ನೀರು ಆ ಬಾಗಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬರುವುದಿಲ್ಲ.

ಕೊನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆಮಳೆಯಲ್ಲಿ ಸೆಟ್‌ಟಾಪ್ ಬಾಕ್ಸ್ ಸುಟ್ಟುಕೊಂಡವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಸ್ವಿಚ್ ಆರಿಸಿದರೆ ಸಾಲದು. ಅದು ಒಂದು ತಂತಿಯನ್ನಷ್ಟೇ ಕಡಿಯುತ್ತದೆ, ಇನ್ನೊಂದು ಹಾಗೇ ಕೂಡಿಕೊಂಡಿರುತ್ತದೆ. ಪ್ಲಗ್ಗು ಕೀಳಬೇಕು, ಡಿಶ್ಶಿನ ವೈರನ್ನೂ ಬಿಚ್ಚಬೇಕು. ಪ್ಲಗ್ಗನ್ನು ಟೀವಿಯ ನಟ್ಟನಡುವೆ ಬೆನ್ನ ಹಿಂದೆ ಅಡಗಿಸಿದರೆ ಗುಡುಗುವ ಹೊತ್ತಿನಲ್ಲಿ ಕೈ ಎಲ್ಲಿಗೆ ಹೋಗಬೇಕು? ಅದಕ್ಕೆ ಇಲ್ಲಿನ ಬಲ್ಲವರು ಪ್ಲಗ್ ಪಾಯಿಂಟನ್ನು ಟೀವಿಯ ಬಲಬದಿಯ ಅಂಚಿನಿಂದ ನಾಲ್ಕು ಬೆರಳು ಒಳಗೆ ಕೂರಿಸುತ್ತಾರೆ. ಎದುರಿನಿಂದ ಕಾಣುವುದಿಲ್ಲ, ಪಕ್ಕದಿಂದ ಕೈ ಹಾಕಿದರೆ ಸಿಗುತ್ತದೆ. ಡಿಶ್ಶಿನ ವೈರಿನ ಜಾಯಿಂಟೂ ಅಲ್ಲೇ. ಕೆಲಸ ಮುಗಿಸಿ ಹೊರಡುವ ಮುನ್ನ ಮನೆಯ ಹಿರಿಯರಿಂದಲೇ ಒಂದು ಸಲ ಕಿತ್ತು, ಮತ್ತೆ ಹಾಕಿಸಿ ನೋಡುತ್ತಾರೆ.