ಪೊರೆಯ ಶಸ್ತ್ರಚಿಕಿತ್ಸೆ: ಲೆನ್ಸಿಗಿಂತ ಮೊದಲು ವೈದ್ಯರ ಆಯ್ಕೆ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನು ಒಳಗೊಂಡ ದಕ್ಷಿಣ ಬೆಂಗಳೂರಿನಲ್ಲಿ ಕಣ್ಣಿನ ಆಸ್ಪತ್ರೆಗಳಿಗೆ ಕೊರತೆಯಿಲ್ಲ. ಕನಕಪುರ ರಸ್ತೆಯ ನೇತ್ರಧಾಮದಂಥ ದೊಡ್ಡ ಸಂಸ್ಥೆಗಳು, ಹಲವು ಊರುಗಳಲ್ಲಿ ಶಾಖೆಗಳನ್ನು ತೆರೆದಿರುವ ಆಸ್ಪತ್ರೆಗಳು, ಅಡ್ಡರಸ್ತೆಗಳಲ್ಲಿ ಒಬ್ಬರೇ ವೈದ್ಯರು ನಡೆಸುವ ಕ್ಲಿನಿಕ್‌ಗಳು ಇಲ್ಲಿವೆ. ಇನ್ನೂ ಸ್ವಲ್ಪ ಮುಂದೆ ಹೋದರೆ, 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆ ಕೆ.ಆರ್. ಮಾರುಕಟ್ಟೆಯ ಬಳಿ ಇದೆ. ಇಷ್ಟೆಲ್ಲ ಇರುವುದರಿಂದಲೇ ಆಯ್ಕೆ ಕಷ್ಟವಾಗುತ್ತದೆ, ಮತ್ತು ಬಹಳಷ್ಟು ಕುಟುಂಬಗಳು ಅದನ್ನು ತಪ್ಪು ತುದಿಯಿಂದ, ಅಂದರೆ ಯಾವ ಲೆನ್ಸ್, ಎಷ್ಟು ಪ್ಯಾಕೇಜ್ ಎಂಬ ಪ್ರಶ್ನೆಯಿಂದ ಆರಂಭಿಸುತ್ತವೆ.

ಪಾಪೆಯ ಹಿಂದಿರುವ ಸಹಜ ಮಸೂರವು ನೀರು ಮತ್ತು ಪ್ರೋಟೀನುಗಳಿಂದಾದ ಪಾರದರ್ಶಕ ಅಂಗ. ವಯಸ್ಸಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಣ್ಣಿಗೆ ಬಿದ್ದ ಪೆಟ್ಟಿನಿಂದಲೋ ಸ್ಟೀರಾಯ್ಡ್ ಔಷಧಗಳ ದೀರ್ಘ ಬಳಕೆಯಿಂದಲೋ ಆ ಪ್ರೋಟೀನುಗಳು ಕೆಟ್ಟು ಮಸೂರವೇ ಮಬ್ಬಾಗುವುದು ಪೊರೆ. ಅದು ಯಾವ ಹನಿ ಔಷಧಕ್ಕೂ ಕರಗುವುದಿಲ್ಲ. ‘ಪೊರೆ ಇನ್ನೂ ಬಲಿಯಲಿ’ ಎಂಬ ಹಿರಿಯರ ಮಾತು, ದೊಡ್ಡ ಗಾಯ ಮಾಡಿ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದ ಕಾಲದ್ದು. ಬೀಳಗಿಯ ಡಾ. ಎಂ.ಸಿ. ಮೋದಿ (1916–2005) ಊರೂರುಗಳಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಮರಳಿಸಿದ್ದು ಬಹುಪಾಲು ಆ ಕಾಲದಲ್ಲಿಯೇ. ಈಗ ಪೊರೆ ಅತಿಯಾಗಿ ಬಲಿತು ಗಟ್ಟಿಯಾದರೆ ಶಸ್ತ್ರಚಿಕಿತ್ಸೆ ಸುಲಭವಾಗುವ ಬದಲು ಕಠಿಣವಾಗುತ್ತದೆ. ಹಾಗೆಂದು ಪೊರೆ ಕಾಣಿಸಿದ ದಿನವೇ ತೆಗೆಸಬೇಕಾಗಿಯೂ ಇಲ್ಲ. ಓದು, ಅಡುಗೆ, ವಾಹನ ಚಾಲನೆ, ಮೆಟ್ಟಿಲಿಳಿಯುವುದು ಇಂಥ ನಿತ್ಯದ ಕೆಲಸಗಳಿಗೆ ತೊಡಕಾದಾಗ ತೆಗೆಸುವುದು ಸಾಮಾನ್ಯ ನಿಯಮ. ‘ಇನ್ನು ಆರು ತಿಂಗಳು ಕಾಯಬಹುದು’ ಎಂದು ಕಾರಣಸಹಿತ ಹೇಳಬಲ್ಲ ವೈದ್ಯರು ಆ ಒಂದು ಮಾತಿನಿಂದಲೇ ಅರ್ಧ ನಂಬಿಕೆಗೆ ಅರ್ಹರಾಗುತ್ತಾರೆ.

ಇಂದು ಹೆಚ್ಚಾಗಿ ನಡೆಯುವುದು ಫೇಕೋ ಪದ್ಧತಿ. ಅಮೆರಿಕದ ಚಾರ್ಲ್ಸ್ ಕೆಲ್ಮನ್ 1967ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಮೂರು ಮಿಲಿಮೀಟರಿಗಿಂತ ಕಿರಿದಾದ ಸೀಳಿನ ಮೂಲಕ ಶ್ರವಣಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿ, ಮಸೂರದ ಹೊರಚೀಲವನ್ನು ಉಳಿಸಿಕೊಂಡು, ಅದರೊಳಗೆ ಮಡಿಸಿದ ಕೃತಕ ಲೆನ್ಸನ್ನು ಇಡಲಾಗುತ್ತದೆ. ತೀರ ಗಟ್ಟಿಯಾದ ಪೊರೆಗೆ ಸುಮಾರು ಆರು ಮಿಲಿಮೀಟರ್ ಸೀಳಿನ, ಆದರೂ ಸಾಮಾನ್ಯವಾಗಿ ಹೊಲಿಗೆ ಬೇಡದ ಇನ್ನೊಂದು ವಿಧಾನವಿದ್ದು, ಎರಡರಲ್ಲೂ ಪಳಗಿದ ಕೈ ಹೆಚ್ಚು ಭರವಸೆಯದು. ಕನ್ನಡಕದ ಸಂಖ್ಯೆ ನೋಡುವ ಆಪ್ಟೊಮೆಟ್ರಿಸ್ಟ್ ಶಸ್ತ್ರಚಿಕಿತ್ಸಕರಲ್ಲ, ಎಂ.ಬಿ.ಬಿ.ಎಸ್. ನಂತರ ನೇತ್ರವಿಜ್ಞಾನದಲ್ಲಿ ಎಂ.ಎಸ್., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದವರು ನೇತ್ರತಜ್ಞರು. ಪದವಿಗಿಂತ ಮುಖ್ಯವಾದ ಪ್ರಶ್ನೆಗಳು ಎರಡು: ಪರೀಕ್ಷಿಸಿದ ವೈದ್ಯರೇ ಆಪರೇಷನ್ ಮಾಡುತ್ತಾರೆಯೇ, ಮತ್ತು ಮಸೂರದ ಚೀಲ ಹರಿಯುವಂಥ ತೊಡಕು ಎದುರಾದರೆ ಅದನ್ನು ನಿಭಾಯಿಸುವ, ಕಣ್ಣಿನ ಹಿಂಭಾಗದಲ್ಲಿ ಬಿಂಬವನ್ನು ಗ್ರಹಿಸುವ ಪದರವಾದ ಅಕ್ಷಿಪಟಲದ ತಜ್ಞರು ಅಲ್ಲಿ ಸಿಗುತ್ತಾರೆಯೇ? ಜೆ.ಪಿ. ನಗರದ ಮಿನಿ ಫಾರೆಸ್ಟಿನಲ್ಲಿ ಬೆಳಗಿನ ನಡಿಗೆಯವರು ಒಬ್ಬರಿಗೊಬ್ಬರು ಕೊಡುವ ಶಿಫಾರಸುಗಳಿಗೆ ಬೆಲೆಯಿದೆ. ಆದರೆ ಅವು ನೆರೆಯವರ ಕಣ್ಣಿಗೆ ಸಂಬಂಧಿಸಿದವು.

ಪಾಪೆಯನ್ನು ಹನಿಯಿಂದ ಅಗಲಿಸಿ, ಅಕ್ಷಿಪಟಲವನ್ನು ಪರೀಕ್ಷಿಸದೆ, ಕಣ್ಣಿನ ಒತ್ತಡವನ್ನು ಅಳೆಯದೆ ಆಪರೇಷನ್ನಿಗೆ ದಿನ ಗೊತ್ತು ಮಾಡುವಲ್ಲಿ ನಿಲ್ಲಬಾರದು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲವೋ ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾದಿಂದ ದೃಷ್ಟಿನರವೋ ಮೊದಲೇ ಹಾಳಾಗಿದ್ದರೆ ಎಷ್ಟು ಒಳ್ಳೆಯ ಲೆನ್ಸ್ ಹಾಕಿದರೂ ದೃಷ್ಟಿ ಪೂರ್ತಿ ಮರಳುವುದಿಲ್ಲ. ರೋಗಿಯ ಕಡೆಯಿಂದಲೂ ಮರೆಯಬಾರದ ಒಂದು ಸಂಗತಿಯಿದೆ: ಪ್ರಾಸ್ಟೇಟ್ ತೊಂದರೆಗೆ ವಯಸ್ಸಾದ ಗಂಡಸರು ಸೇವಿಸುವ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ಶಸ್ತ್ರಚಿಕಿತ್ಸೆಯ ವೇಳೆ ಪಾಪೆಯ ಸುತ್ತಲ ಪಟಲವನ್ನು ಸಡಿಲಗೊಳಿಸಿ ತೊಡಕು ತರುತ್ತದೆಂದು 2005ರಲ್ಲಿ ವೈದ್ಯರು ವರದಿ ಮಾಡಿದರು. ಕೆಲವು ದಿನ ನಿಲ್ಲಿಸಿದರೂ ಅದರ ಪರಿಣಾಮ ಹೋಗುವುದಿಲ್ಲವಾದ್ದರಿಂದ, ಮೊದಲೇ ತಿಳಿಸಿದರೆ ಮಾತ್ರ ವೈದ್ಯರು ಸಿದ್ಧತೆ ಮಾಡಿಕೊಳ್ಳಬಲ್ಲರು.

ಲೆನ್ಸಿನ ಸರದಿ ಬರಬೇಕಾದದ್ದು ಇದೆಲ್ಲ ಆದ ಮೇಲೆ. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಕೃತಕ ಲೆನ್ಸನ್ನು ಕಣ್ಣಿನೊಳಗೆ ಇಟ್ಟಂದಿನಿಂದ ಈ ವಿದ್ಯೆ ಬಹಳ ಬೆಳೆದಿದೆ. ಆದರೆ ಲೆನ್ಸಿನ ಶಕ್ತಿ ಸರಿಯಾಗುವುದು ಕಣ್ಣಿನ ಉದ್ದ ಮತ್ತು ಅದರ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗನ್ನು ಅಳೆಯುವ ಬಯೊಮೆಟ್ರಿಯಿಂದಲೇ. ಉದ್ದದ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಾದರೂ ಕನ್ನಡಕದ ಸಂಖ್ಯೆ ಸುಮಾರು ಎರಡೂವರೆಯಷ್ಟು ಏರುಪೇರಾಗುತ್ತದೆ. ಒಂದೇ ದೂರಕ್ಕೆ ಹೊಂದುವ ಮಾನೋಫೋಕಲ್ ಲೆನ್ಸ್ ಹಾಕಿಸಿಕೊಂಡವರಿಗೆ ಓದಲು ಸಾಮಾನ್ಯವಾಗಿ ಕನ್ನಡಕ ಬೇಕಾಗುತ್ತದೆ, ಆದರೆ ದೃಷ್ಟಿ ಸ್ಫುಟವಾಗಿರುತ್ತದೆ. ಟೋರಿಕ್ ಲೆನ್ಸ್ ಕಾರ್ನಿಯಾದ ಓರೆತನವನ್ನು ಸರಿಪಡಿಸುತ್ತದೆ. ಮಲ್ಟಿಫೋಕಲ್ ಲೆನ್ಸ್ ದೂರಕ್ಕೂ ಹತ್ತಿರಕ್ಕೂ ಬೆಳಕನ್ನು ಹಂಚುವುದರಿಂದ ಕನ್ನಡಕದ ಅವಲಂಬನೆ ಕಡಿಮೆಯಾಗುತ್ತದೆ, ಆದರೆ ರಾತ್ರಿ ದೀಪಗಳ ಸುತ್ತ ಬೆಳಕಿನ ಬಳೆಗಳು ಕಾಣಿಸಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವಾಹನ ದಟ್ಟಣೆಯಲ್ಲಿ ನಿತ್ಯ ಕಾರು ಓಡಿಸುವವರು ಈ ಅಂಶವನ್ನು ಹಗುರವಾಗಿ ಎಣಿಸುವಂತಿಲ್ಲ. ಅಕ್ಷಿಪಟಲದ ರೋಗ ಅಥವಾ ಮುಂದುವರಿದ ಗ್ಲಾಕೋಮಾ ಇರುವವರಿಗೆ ಮಲ್ಟಿಫೋಕಲ್ ಲೆನ್ಸ್ ಸಾಮಾನ್ಯವಾಗಿ ತಕ್ಕುದಲ್ಲ. ದುಬಾರಿ ಲೆನ್ಸೇ ಎಲ್ಲರಿಗೂ ಉತ್ತಮ ಎಂಬುದು ಮಾರಾಟದ ಮಾತು. ಲೇಸರ್ ನೆರವಿನ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಇಷ್ಟು ಹೇಳಿದರೆ ಸಾಕು: ಫ್ರಾನ್ಸ್ ಮತ್ತು ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಅದು ಸಾಧಾರಣ ಫೇಕೋಗಿಂತ ಮೇಲೆಂದು ಕಂಡುಬರಲಿಲ್ಲ.

ಅಪರೂಪವಾದರೂ ಹೆದರಬೇಕಾದದ್ದು ಕಣ್ಣಿನೊಳಗಿನ ಸೋಂಕು. 2019ರ ಜುಲೈನಲ್ಲಿ ಮಿಂಟೊ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡಾಗ ಸಂಶಯ ತಿರುಗಿದ್ದು ಆಪರೇಷನ್ನಿನಲ್ಲಿ ಬಳಸಿದ ಔಷಧದತ್ತ. ಶಸ್ತ್ರಚಿಕಿತ್ಸಕರ ಕೌಶಲವೊಂದೇ ಸಾಲದು, ಆಪರೇಷನ್ ಕೊಠಡಿಯ ಶುಚಿತ್ವ ಮತ್ತು ಸಾಮಗ್ರಿಗಳ ಗುಣಮಟ್ಟವೂ ಅಷ್ಟೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ. ಆಸ್ಪತ್ರೆಗಳ ಗುಣಮಟ್ಟವನ್ನು ದೃಢೀಕರಿಸುವ ಎನ್‌.ಎ.ಬಿ.ಎಚ್. ಮಾನ್ಯತೆ ಇದೆಯೇ ಎಂದು ಕೇಳುವುದು ಈ ಕಾರಣಕ್ಕೆ ಉಪಯುಕ್ತ.

ಹಣದ ವಿಷಯದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (2007) ದರಗಳನ್ನು ಪ್ರಕಟಿಸುವಂತೆ ವಿಧಿಸುತ್ತದೆ. ಪ್ಯಾಕೇಜಿನಲ್ಲಿ ಲೆನ್ಸ್, ಪರೀಕ್ಷೆಗಳು, ನಂತರದ ಭೇಟಿಗಳು ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹಲವು ವಿಮಾ ಪಾಲಿಸಿಗಳಲ್ಲಿ ಪೊರೆಗೆ ಕಾಯುವ ಅವಧಿಯೂ ಮೊತ್ತದ ಮಿತಿಯೂ ಇರುತ್ತವೆ. ಲೆನ್ಸಿನ ಪೆಟ್ಟಿಗೆಯೊಳಗಿನ, ಕ್ರಮಸಂಖ್ಯೆಯಿರುವ ಚೀಟಿಯನ್ನು ಬಿಡುಗಡೆ ಪತ್ರದ ಮೇಲೆ ಅಂಟಿಸಿಕೊಡುವಂತೆ ಕೇಳಿ ಜೋಪಾನ ಮಾಡಬೇಕು.

ಆಪರೇಷನ್ ಅರ್ಧ ಗಂಟೆಯೊಳಗೆ ಮುಗಿದರೂ ಹನಿ ಔಷಧ ನಾಲ್ಕರಿಂದ ಆರು ವಾರ ನಡೆಯುತ್ತದೆ. ಮರುದಿನ, ವಾರದ ಬಳಿಕ, ತಿಂಗಳ ಬಳಿಕ ತೋರಿಸಬೇಕಾಗುವುದರಿಂದ ದೂರವೂ ಲೆಕ್ಕಕ್ಕೆ ಬರುತ್ತದೆ. ಹಸಿರು ಮಾರ್ಗದ ಮೆಟ್ರೊ ಬನಶಂಕರಿ, ಜೆ.ಪಿ. ನಗರ, ಜಯನಗರಗಳನ್ನು ಒಂದೇ ಎಳೆಯಲ್ಲಿ ಸೇರಿಸಿ ಕೆ.ಆರ್. ಮಾರುಕಟ್ಟೆಗೆ ಒಯ್ಯುತ್ತದೆ, 2025ರ ಆಗಸ್ಟ್‌ನಿಂದ ಬಿ.ಟಿ.ಎಂ. ಬಡಾವಣೆಯವರೂ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಅದನ್ನು ಹಿಡಿಯಬಹುದು. ಆದರೆ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ನೋವು ಹೆಚ್ಚಿದರೆ, ಕಣ್ಣು ಕೆಂಪೇರಿದರೆ, ಕಾಣುತ್ತಿದ್ದುದು ಮಬ್ಬಾದರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಭಾನುವಾರ ರಾತ್ರಿ ಕರೆ ಮಾಡಿದರೆ ಉತ್ತರಿಸುವವರು ಯಾರೆಂದು ಆಪರೇಷನ್ನಿಗೆ ಒಪ್ಪುವ ಮೊದಲೇ ಕೇಳಿ, ಆ ಸಂಖ್ಯೆಯನ್ನು ಬರೆದುಕೊಳ್ಳಿ.